ಒನೋರಾಳ ಕಪ್ಪು ಕೋಟು

ಕಿಲ್‌ಬ್ರೆಕನ್ ಊರಿನ ಮದುವಣಗಿತ್ತಿಯರೆಲ್ಲ ಒನೋರಾ ಹೆಹಿರ್ ಹೊಲಿದ ಬಟ್ಟೆಯಲ್ಲೇ ಗಂಡನ ಮನೆ ಸೇರಿದವರು. ಹೊಲಿದವಳು ಮಾತ್ರ ನಲವತ್ತು ದಾಟಿದರೂ ತಾಯಿಯ ಮನೆಯಲ್ಲೇ ಉಳಿದಿದ್ದಳು. ಒಮ್ಮೆ ಸಮುದ್ರದ ಕಡೆಯಿಂದ ವಿಧುರನೊಬ್ಬ ನೋಡಲು ಬಂದಿದ್ದ. ಚಹಾ ಕುಡಿದ, ಸೋಡಾ ರೊಟ್ಟಿ ಮುಕ್ಕಾಲು ಮುಗಿಸಿದ, ಹೋದವನು ಹೋದ. ಆಮೇಲೆ ಅಷ್ಟು ದೂರ ಬರುವಷ್ಟು ಹಸಿವು ಯಾರಿಗೂ ಇರಲಿಲ್ಲ.

ಉಪವಾಸದ ದಿನಗಳು ಶುರುವಾದರೆ ಈಸ್ಟರ್‌ವರೆಗೆ ಚರ್ಚಿನಲ್ಲಿ ಮದುವೆಯಿಲ್ಲ. ಹಾಗಾಗಿ ಮದುವೆಗಳೆಲ್ಲ ಅದಕ್ಕೆ ಮುಂಚೆಯೇ ಗಡಿಬಿಡಿಯಲ್ಲಿ ಮುಗಿಯುತ್ತವೆ. ಆಗದೆ ಉಳಿದವರಿಗೆ ಉಪವಾಸದ ಮೊದಲ ಭಾನುವಾರ ಕಾದಿರುತ್ತದೆ. ಚರ್ಚಿನ ಗೇಟಿನಲ್ಲಿ ನಿಂತ ಪಡ್ಡೆ ಹುಡುಗರು ಅವರ ಬೆನ್ನಿಗೆ ಸೀಮೆಸುಣ್ಣದ ಗೀಟು ಎಳೆದು ಓಡುತ್ತಾರೆ, ಊರೆಲ್ಲ ನಗುತ್ತದೆ.

ಒನೋರಾ ವರ್ಷವರ್ಷವೂ ಆ ಗೀಟು ಹೊತ್ತು ಮನೆಗೆ ಬಂದವಳು. ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಕಾಲುನೋವಿನಿಂದ ಮನೆ ಬಿಟ್ಟು ಹೋಗದ ತಾಯಿ ಬೆಸ್ಸಿ ಬ್ರಷ್ ಹಿಡಿದು ಕಾಯುತ್ತಿದ್ದಳು. ಪೋಕರಿಗಳ ವಂಶವನ್ನೆಲ್ಲ ಬೈದು, ಕೋಟು ಉಜ್ಜಿ, ಕೊನೆಗೆ ಒಂದೇ ಮಾತು: "ಬರೋ ವರ್ಷ ಬೀಳಲ್ಲ ನೋಡ್ತಿರು."

ಈ ಸಲ ಒನೋರಾ ಎಂದಿನಂತೆ ಬೆನ್ನು ಬಿಗಿಹಿಡಿದು ಗೇಟು ಹೊಕ್ಕಳು. ಪಡ್ಡೆ ಹುಡುಗರ ಮುಂದೆ ಮೈಕೋ ಲಿಲ್ಲಿಸ್ ಕೈಯಲ್ಲಿ ಸೀಮೆಸುಣ್ಣ ಹಿಡಿದೇ ನಿಂತಿದ್ದ. ಅವಳನ್ನು ನೋಡಿ ಟೋಪಿ ತೆಗೆದ, ದಾರಿ ಬಿಟ್ಟ. ಹಿಂದಿನವನು ಕೈ ಎತ್ತಿದ್ದಕ್ಕೆ ಮೆಲ್ಲಗೆ ಗದರಿದ.

"ಬಿಡೋ ಅವ್ರನ್ನ, ಪಾಪ."

ಪೂಜೆಯುದ್ದಕ್ಕೂ ಅವಳಿಗೆ ಪಾದ್ರಿಯ ಒಂದು ಮಾತೂ ಕೇಳಿಸಲಿಲ್ಲ. ಗೀಟು ಬೀಳುವುದು ಇನ್ನೂ ಮದುವೆಯಾಗಬಹುದಾದವರಿಗೆ. ತನ್ನನ್ನು ಊರು ಆ ಲೆಕ್ಕದಿಂದಲೇ ಬಿಟ್ಟಿತ್ತು. ಇಷ್ಟು ವರ್ಷ ನಾಚಿಕೆಯೆಂದುಕೊಂಡದ್ದು ನಾಚಿಕೆಯೇ ಅಲ್ಲ, ನಾಚಿಕೆಯೆಂದರೆ ಇದು ಎಂದುಕೊಂಡಳು. ಈ ಶುಭ್ರವಾದ ಬೆನ್ನನ್ನು ಅಮ್ಮನಿಗೆ ಹೇಗೆ ತೋರಿಸುವುದು? ಊರು ಆಸೆ ಬಿಟ್ಟಿದೆಯೆಂದು ಅಮ್ಮನಿಗೆ ಗೊತ್ತಾಗುವುದು ಬೇಡವಾಗಿತ್ತು.

ಮನೆ ಹತ್ತಿರದ ಕಲ್ಲುಗೋಡೆಯ ಮರೆಯಲ್ಲಿ ಅವಳು ಕೋಟು ಬಿಚ್ಚಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ಯಾವಾಗಲೂ ಅವಳ ಜೇಬಿನಲ್ಲಿರುತ್ತಿತ್ತು. ತನ್ನ ಕೋಟಿನ ಬೆನ್ನಿಗೆ ತಾನೇ ಅಡ್ಡಾದಿಡ್ಡಿ ಗೀಚಿ ಮತ್ತೆ ತೊಟ್ಟುಕೊಂಡಳು. ಯಾರಾದರೂ ಕಂಡರೋ ಎಂದು ಸುತ್ತ ನೋಡಿದಳು, ಕದ್ದವಳ ಹಾಗೆ. ಅಲ್ಲಿದ್ದದ್ದು ಮೆಲುಕು ಹಾಕುವ ಒಂದು ಹಸು ಮಾತ್ರ. ಅದರ ಮುಖ ನೋಡಲೂ ಅವಳಿಗೆ ಆಗಲಿಲ್ಲ.

"ಬಿತ್ತಾ?" ಬೆಸ್ಸಿ ಒಳಗಿನಿಂದಲೇ ಕೇಳಿದಳು.

"ಬೀಳ್ದೆ ಇರತ್ತಾ," ಎಂದು ಒನೋರಾ ಒಲೆಯ ಕಡೆ ಮುಖ ಮಾಡಿ ನಿಂತಳು.

ಬ್ರಷ್ ಬೆನ್ನಿನ ಮೇಲೆ ಒಮ್ಮೆ ಇಳಿಯಿತು, ನಿಂತಿತು. ಏಕೆ ನಿಂತಿತೆಂದು ತಿರುಗಿ ನೋಡಿದಾಗ ತಾಯಿಯ ತೋಳಿನ ಮೇಲೆ ಉದುರಿದ ಪುಡಿ ಕಂಡಿತು. ನೀಲಿ ಪುಡಿ. ಹುಡುಗರು ಶಾಲೆಯಿಂದ ಕದಿಯುವುದು ಬಿಳಿ. ನೀಲಿಯದು ಊರಿಗೆಲ್ಲ ಒನೋರಾಳ ಬಳಿ ಮಾತ್ರ ಇತ್ತು, ಅದನ್ನು ಪ್ರತಿವರ್ಷ ಡಬ್ಬಿಗೆ ತುಂಬಿಡುತ್ತಿದ್ದವಳು ಬೆಸ್ಸಿಯೇ.

ಒನೋರಾ ಸರಕ್ಕನೆ ಒಲೆಯತ್ತ ತಿರುಗಿಬಿಟ್ಟಳು. ಕಿವಿಯೆಲ್ಲ ಕಾದುಹೋಯಿತು. ಬ್ರಷ್ ಮತ್ತೆ ಓಡತೊಡಗಿತು.

"ಹಾಳಾದ ಪೋಕರಿಗಳು," ಎಂದಳು ಬೆಸ್ಸಿ. "ಎಷ್ಟು ಒತ್ತಿ ಗೀಚಿದಾವೆ."

ಕೊನೆಯ ಕಣ ಉದುರುವವರೆಗೂ ಉಜ್ಜಿದಳು. ಬರುವ ವರ್ಷದ ಮಾತನ್ನು ಮಾತ್ರ ಆಡಲಿಲ್ಲ.