ಅಂಡಮಾನಿನಲ್ಲಿ ಮೆತ್ತಗಾದ ರೊಟ್ಟಿ

ಸಮುದ್ರ ನೋಡಿ ನನಗೆ ತಲೆ ಕೆಟ್ಟಿತೆಂದು ಮಗಳು ಹೇಳುತ್ತಾಳೆ. ಸುಳ್ಳು. ಅಂಡಮಾನಿನಲ್ಲೇ ಇದ್ದುಬಿಡಬೇಕೆಂದು ಮನಸ್ಸು ಮಾಡಿದ್ದು ಮಾತ್ರ ಖರೆ. ಸೊಂಟದವರೆಗಿನ ನೀರಿನಲ್ಲಿ ನಿಂತರೂ ನನ್ನ ಕಾಲಿನ ಉಗುರು ಕಾಣುತ್ತಿದ್ದವು, ಅವುಗಳ ಸುತ್ತ ನೀಲಿ ಮೀನು ಸುಳಿಯುತ್ತಿದ್ದವು. ಆಲಮಟ್ಟಿ ಡ್ಯಾಮಿನ ನೀರಿಗೇ ಬೆರಗಾಗಿದ್ದವಳು ನಾನು.

ಸಂಜೆ ಲಾಡ್ಜಿನಲ್ಲಿ ಮಗಳಿಗೆ ಹೇಳಿದೆ: “ನೀ ಊರಿಗೆ ಹೋಗು. ನಾ ಇಲ್ಲೇ ಇರ್ತೇನಿ.”

ಮಗಳು ನಮ್ಮೂರು ಹೊರ್ತಿಯಿಂದ ತಂದಿದ್ದ ಜೋಳದ ಖಡಕ್ ರೊಟ್ಟಿಯ ಗಂಟು ಬಿಚ್ಚಿದಳು. ತಿಂಗಳಿಟ್ಟರೂ ಕಟಕಟ ಎನ್ನುವ ರೊಟ್ಟಿ ಆ ಹಸಿ ಗಾಳಿಗೆ ಒದ್ದೆ ಅರಿವೆಯಂತೆ ಜೋತುಬಿದ್ದಿತ್ತು.

“ನೀ ಮೀನ ಮುಟ್ಟಂಗಿಲ್ಲ. ಇಲ್ಲಿದ್ದು ಏನ್ ತಿಂತಿ, ಯವ್ವಾ?”

“ಬಿಸಿಲರ ಐತಲ್ಲ,” ಎಂದೆ.

ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಸೀರೆ ಹಾಸಿ ರೊಟ್ಟಿ ಒಣಹಾಕಿದೆ. ಸಮುದ್ರದ ಕಡೆ ಮುಖ ಮಾಡಿ ಕಾವಲು ಕುಳಿತೆ.