ಗುಲ್ಸೂಮಕ್ಕ ಬಿಡದ ಋಣ

ಮಲಾತ್ಯಾ ಊರಿನ ಏಪ್ರಿಕಾಟ್ ಹಣ್ಣು ಒಣಗಿಸುವ ಕಣಗಳಲ್ಲಿ ಗುಲ್ಸೂಮಳ ಬಾಯಿಗೆ ಹೆದರದವರಿಲ್ಲ. ಹಣ್ಣಿನ ಬೀಜ ತೆಗೆಯುವುದರಲ್ಲಿ ಅವಳ ಬೆರಳು ಚುರುಕು, ನಾಲಿಗೆ ಅದಕ್ಕಿಂತ ಒಂದು ಕೈ ಮೇಲು. ತಾಯಿ ಸತ್ತಾಗ ಇವಳಿಗೆ ಹನ್ನೊಂದು, ತಮ್ಮ ನೂರೆತ್ತಿನ್‌ಗೆ ಮೂರು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೂಲಿ ಮಾಡಿ ಸಾಕಿದಳು. ಅವನು ಮಿನಿಬಸ್ ಡ್ರೈವರ್ ಆದ, ಮೀಸೆ ಬಿಟ್ಟ. ಮೂವತ್ತೆಂಟಕ್ಕೆ ಕಾಮಾಲೆ ಅವನ ಲಿವರನ್ನು ತಿಂದುಹಾಕಿತು. ದಾನಿ ಯಾರೆಂದು ಡಾಕ್ಟರು ಕೇಳಿ ಮುಗಿಸುವ ಮೊದಲೇ ಇವಳು ರಕ್ತಪರೀಕ್ಷೆಗೆ ತೋಳು ಚಾಚಿ ಕೂತಿದ್ದಳು.

ನಮ್ಮಲ್ಲಿ ದೂರದೂರಿಗಾಗಲಿ ಆಪರೇಷನ್ನಿಗಾಗಲಿ ಹೊರಟವರು, "ನಿನ್ನ ಋಣ ನನ್ನ ಮೇಲೆ ಏನಿದ್ದರೂ ಬಿಟ್ಟುಬಿಡು" ಎಂದು ಕೇಳದೆ ಹೋಗುವುದಿಲ್ಲ. ಎದುರಿನವರು "ಬಿಟ್ಟೆ" ಅನ್ನಬೇಕು, ಅಷ್ಟೇ. ಆಪರೇಷನ್ ದಿನ ನೂರೆತ್ತಿನ್ ಕೇಳಿದ.

"ಬಿಡ್ತೀನಾ? ಅರ್ಧ ಲಿವರ್ ಕೊಡ್ತಿದೀನಿ ಕಣೋ ಕತ್ತೆ! ಬದುಕಿ ಬಂದು ಕೇಳು, ಆಮೇಲೆ ನೋಡೋಣ."

ಬದುಕಿ ಬಂದ. ತನ್ನ ಹಟವೇ ಅವನನ್ನು ಎಳೆದು ತಂದಿತೆಂದು ಗುಲ್ಸೂಮ್ ನಂಬಿಬಿಟ್ಟಳು. ಪಾಪ, ನಂಬದೆ ಏನು ಮಾಡುತ್ತಾಳೆ!

ಡಾಕ್ಟರ್ ಸೆವ್ದಾ ದಿನಾ ಸ್ಕ್ಯಾನಿಂಗ್ ಯಂತ್ರ ತಂದು ಹೊಸ ಲಿವರಿಗೆ ಹರಿಯುವ ರಕ್ತದ ಸದ್ದು ಕೇಳುತ್ತಿದ್ದರು. ಮೂರನೆಯ ಬೆಳಿಗ್ಗೆ ತಮ್ಮನ ಹೊಟ್ಟೆಯ ಮೇಲೆ ಎಷ್ಟು ತಡಕಾಡಿದರೂ ಸದ್ದಿಲ್ಲ. ತನ್ನ ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ಬಂದು ನಿಂತಿದ್ದ ಗುಲ್ಸೂಮ್ ಮಂಚದ ಹತ್ತಿರಕ್ಕೆ ಸರಿದಳು.

"ಗುಲ್ಸೂಮಕ್ಕ, ನಾವು ಜೋಡಿಸಿದ ರಕ್ತನಾಳ ಕಟ್ಟಿಕೊಂಡಿದೆ. ತೊಡೆಯಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪು ಕರಗಿಸೋಕೆ ನೋಡ್ತೀವಿ. ಆದ್ರೆ ಹೊಲಿಗೆ ಇನ್ನೂ ಹಸಿ, ರಕ್ತ ಸೋರಬಹುದು. ಸುಮ್ನಿದ್ರೆ ಲಿವರ್ ಸತ್ತುಹೋಗತ್ತೆ."

"ನನ್ನ ಹತ್ರ ಇನ್ನೂ ಉಳಿದಿದೆಯಲ್ಲ ಡಾಕ್ಟ್ರಮ್ಮ, ಅದನ್ನೂ ತಗೊಳ್ಳಿ."

"ತಗೊಂಡ್ರೆ ನೀವು ಉಳಿಯಲ್ಲ ಅಕ್ಕ."

ತಳ್ಳುಗಾಡಿಯ ಮೇಲಿಂದ ನೂರೆತ್ತಿನ್ ಅವಳ ಬೆರಳು ಹಿಡಿದ. "ಅಕ್ಕ, ಈ ಸಲ ತಮಾಷೆ ಬೇಡ. ಬಿಟ್ಟೆ ಅಂದುಬಿಡು."

"ಅನ್ನಲ್ಲ ಹೋಗೋ! ಬಂದು ಕೇಳು."

ಅವನು ನಗಲಿಲ್ಲ. ಬಾಗಿಲು ಮುಚ್ಚಿತು.

ನಾಳ ತೆರೆಯಿತು. ಗುಲ್ಸೂಮ್ ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆ ಚಹಾ ಕೊಡಿಸಿದಳು. ಚಹಾ ಆರುವ ಮುಂಚೆಯೇ ಒಳಗೆ ರಕ್ತ ಸೋರತೊಡಗಿತು. ಹೆಪ್ಪು ಕರಗಿಸುವ ಔಷಧ ನಿಲ್ಲಿಸಿ, ಹೊಟ್ಟೆ ಮತ್ತೆ ತೆರೆದು ರಕ್ತ ನಿಲ್ಲಿಸಿದರು. ನಾಳ ಮತ್ತೆ ಕಟ್ಟಿತು. ಇನ್ನು ಸತ್ತವರ್ಯಾರದಾದರೂ ಲಿವರ್ ಸಿಗಬೇಕು, ಅದೂ ಎರಡು ದಿನದೊಳಗೆ. ಯಾರದೋ ಮನೆ ಹಾಳಾಗಲೆಂದು ಕಾಯುವ ಗತಿ ಬಂತಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಎರಡು ನಿಮಿಷ ಅವಳನ್ನು ತಮ್ಮನ ಬಳಿ ಬಿಟ್ಟರು. ಗಂಟಲಲ್ಲಿ ನಳಿಕೆ, ಮೈಯೆಲ್ಲ ಹಳದಿ, ಮುಚ್ಚಿದ ಕಣ್ಣು. 'ಬಿಟ್ಟೆ' ಎಂದು ಹೇಳಿಬಿಡಬೇಕೆಂದೇ ಬಂದಿದ್ದಳು. ಕಿವಿಯ ಹತ್ತಿರ ಬಗ್ಗಿದಳು. ಹೇಳಿದರೆ ಇವನನ್ನು ಕಟ್ಟಿಹಾಕಲು ಇನ್ನೇನೂ ಉಳಿಯುವುದಿಲ್ಲ, ಹೊರಟೇ ಬಿಡುತ್ತಾನೆ. ಹೇಳದಿದ್ದರೆ ಹೊರೆ ಹೊತ್ತುಕೊಂಡೇ ಹೋಗುತ್ತಾನೆ. ಊರಿನ ಬಾಯನ್ನೇ ಮುಚ್ಚಿಸುತ್ತಿದ್ದ ಹೆಂಗಸು ಅವನ ಹೊದಿಕೆ ಸರಿಪಡಿಸುತ್ತ ನಿಂತಳು.

"ಟೈಮ್ ಆಯ್ತು ಅಕ್ಕ," ಎಂದು ನರ್ಸ್ ಭುಜ ಮುಟ್ಟಿದಳು.

ಗುಲ್ಸೂಮ್ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಮಗಳೇ, ನೀನು ಇಲ್ಲೇ ಇರ್ತೀಯಲ್ಲ. ಇವನಿಗೆ ಎಚ್ಚರ ಆದ್ರೆ, ಅಕ್ಕ ಋಣ ಬಿಡೋಕೆ ಒಪ್ಪಲಿಲ್ಲ ಅಂತ ಹೇಳು. ಆಗದೇ ಇದ್ರೆ... ಉಸಿರು ನಿಲ್ಲೋ ಮುಂಚೆ ಕಿವೀಲಿ ಹೇಳು, ಅಕ್ಕ ಎಲ್ಲಾ ಬಿಟ್ಟಳು ಅಂತ."