ಸವೆದ ಬೀಗದ ಕಾಲೇಜು

ಶಾಲೆಯ ವಿಜ್ಞಾನದ ಬೀರು ತೆಗೆಯಲು ಬಾರದೆ, ನಾವು ಐದು ಜನ ಮೇಷ್ಟರು ಅದನ್ನು ಗುದ್ದಿ, ಅಲುಗಾಡಿಸಿ, ಕೊನೆಗೆ ಕೈಚೆಲ್ಲಿ ಕೂತ ದಿನ ಅವನು ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿದ್ದ. ಬೀಗ ರಿಪೇರಿಯವನು. ಹೆಗಲಿಗೆ ಬಟ್ಟೆಯ ಚೀಲ, ಕಿವಿಯ ಮೇಲೆ ಪೆನ್ಸಿಲ್ಲಿನಂತೆ ಸಿಕ್ಕಿಸಿದ ಸಣ್ಣ ಅರ. ಎರಡು ಹನಿ ಎಣ್ಣೆ ಬಿಟ್ಟು, ತಂತಿ ತೂರಿಸಿ, ಅರ್ಧ ನಿಮಿಷದಲ್ಲಿ ಬೀರು ತೆಗೆದ.

“ಬೀಗ ಕೆಟ್ಟಿರಲಿಲ್ಲ ಸಾರ್. ಯಾರೂ ತೆಗೀತಿರಲಿಲ್ಲ, ಅಷ್ಟೇ.”

ಒಳಗಿದ್ದ ಸೂಕ್ಷ್ಮದರ್ಶಕ, ಕೊಂಡಾಗ ಸುತ್ತಿದ್ದ ಕಾಗದದಲ್ಲೇ ಇತ್ತು. ಅವನು ಅದನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. ಆ ನೋಟಕ್ಕೆ ಮುಖ್ಯೋಪಾಧ್ಯಾಯರು ಕಿಟಕಿಯ ಕಡೆ ತಿರುಗಿ ಬಿಸಿಲಿನ ಮಾತು ತೆಗೆದರು.

ಅವನ ಅಕ್ಕನ ಮಗಳು ನಮ್ಮಲ್ಲೇ ಓದುತ್ತಿದ್ದಳು. ಅವಳು ಅವನನ್ನು ಕೀಲಿಮಾಮ ಎಂದು ಕರೆಯುತ್ತಿದ್ದುದರಿಂದ ಊರಿಗೆಲ್ಲ ಅವನು ಕೀಲಿಮಾಮನೇ ಆದ. ಮರುದಿನದಿಂದ ಆ ಹುಡುಗಿ ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡಳು. ಈರುಳ್ಳಿಯ ಪೊರೆ, ಗೋಡೆಯ ಪಾಚಿ, ಒಂದನ್ನೂ ಬಿಡಲಿಲ್ಲ. ಮುಂದೆ ಸಸ್ಯಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು.

ಊರಿನ ವಿಶ್ವವಿದ್ಯಾಲಯಕ್ಕೆ ಮೂವತ್ತೊಂದು ಕಾಲೇಜು. ಪರೀಕ್ಷೆ ಒಂದೇ, ಪದವಿಯೂ ಒಂದೇ. ಆದರೂ ಅರ್ಜಿಯಲ್ಲಿ ಒಂದೇ ಒಂದು ಕಾಲೇಜಿನ ಹೆಸರು ಬರೆಯಬೇಕು. ಅದು ಒಲ್ಲೆ ಎಂದರೆ ಆ ವರ್ಷ ಹೋದಂತೆಯೇ. ಹುಡುಗಿಯ ಪಾಲಿಗೆ ಆ ಓದೇ ಹೋದಂತೆ. ಯಾಕೆಂದರೆ ಫೋಟೊ ಸ್ಟುಡಿಯೊ ಇಟ್ಟಿದ್ದ ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: ಸೀಟು ಸಿಗದಿದ್ದರೆ ಅವಳು ಸ್ಟುಡಿಯೊದಲ್ಲಿ ಕೂತು ಫೋಟೊಗಳ ಮೊಡವೆ ಅಳಿಸುವುದು.

ಕೀಲಿಮಾಮ ಇಪ್ಪತ್ತೆರಡು ವರ್ಷ ಆ ಮೂವತ್ತೊಂದು ಕಾಲೇಜುಗಳ ಬೀಗ ರಿಪೇರಿ ಮಾಡಿದ್ದ. ಒಂದರ ಮೇಲೂ ಅವನಿಗೆ ಕಾಸಿನಷ್ಟು ಗೌರವ ಇರಲಿಲ್ಲ. ಗೋಪುರವಿದ್ದ ಕಾಲೇಜನ್ನು ಪಾರಿವಾಳದ ಗೂಡು ಎನ್ನುತ್ತಿದ್ದ. ಪ್ರಾಂಶುಪಾಲರೊಬ್ಬರು ತಮ್ಮ ಕೋಣೆಗೆ ಮೂರು ಬೀಗ ಹಾಕಿಸಿಕೊಂಡಾಗ, ಒಳಗೆ ಕದಿಯುವಂಥದ್ದು ಏನಿದೆಯೆಂದು ಅವರನ್ನೇ ಕೇಳಿ ಬಂದಿದ್ದ.

ಅರ್ಜಿಯ ಕೊನೆಯ ದಿನಕ್ಕೆ ಒಂದು ದಿನ ಮೊದಲು, ಸಂಜೆ, ಸ್ಟುಡಿಯೊದಲ್ಲಿ ಹುಡುಗಿ, ಕೀಲಿಮಾಮ, ಅವನ ಭಾವನಾದ ಅವಳ ಅಪ್ಪ, ಮೂವರೂ ಕೂತರು. ಗೋಡೆಯ ತುಂಬ ಪದವಿ ಪಡೆದವರ ಗುಂಪುಚಿತ್ರಗಳು. ನಡುವೆ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ, ಅತಿ ಹಳೆಯ ಕಾಲೇಜಿನ ಕಲ್ಲಿನ ಮೆಟ್ಟಿಲು.

“ಹದಿನಾಲ್ಕು ಮೆಟ್ಟಿಲು ಕಣೋ,” ಎಂದರು ಭಾವ. “ನೂರು ಜನರನ್ನ ನಿಲ್ಲಿಸಿದ್ರೂ ಒಬ್ಬರ ಮುಖ ಮರೆಯಾಗಲ್ಲ. ಇವಳು ಮೂರನೇ ಮೆಟ್ಟಿಲ ಮಧ್ಯದಲ್ಲಿ ನಿಲ್ಲಬೇಕು.”

“ಮೂರು ವರ್ಷ ಮೆಟ್ಟಿಲ ಮೇಲೇ ಕೂತಿರ್ತಾಳಾ ಭಾವ? ಪಾಠಕ್ಕೆ ಒಳಗೆ ಕರೀತಾರೋ ಇಲ್ವೋ?”

“ಕೀಲಿ ಕೆರೆಯೋನಿಗೆ ಕಾಲೇಜಿನ ವಿಷಯ ಏನು ಗೊತ್ತು?”

“ನೀವು ಫೋಟೊ ತೆಗೆಯೋ ಅಂಗಳ ದಾಟಿ ಹೋದೋರಲ್ಲ. ನಾನು ಒಳಗೆ ಹೋಗಿ ಬಂದೋನು.” ಅವನು ಕಿವಿಯ ಮೇಲಿನ ಅರವನ್ನು ತೆಗೆದು ಆ ಚಿತ್ರದ ಕಡೆ ಚಾಚಿದ. “ಈ ನಿಮ್ಮ ಮೆಟ್ಟಿಲಿನ ಕಾಲೇಜಿದೆಯಲ್ಲ, ಊಟದ ಮನೆಯ ಬೀರುವಿನ ಕೀಲಿ ವರ್ಷಕ್ಕೆ ಎರಡು ಸಲ ಸವೆಯತ್ತೆ. ಒಣಗಿದ ಗಿಡಗಳನ್ನ ಇಟ್ಟಿರೋ ಬೀರುವಿನ ಕೀಲಿ ಕಳೆದುಹೋಗಿ ಆರು ವರ್ಷ. ತಪಾಸಣೆಗೆ ಯಾರೋ ಬರ್ತಾರೆ ಅಂದಾಗ ಹುಡುಕಿದ್ರು.”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಕಣ್ಣು ಬಿಟ್ಟರು.

“ಹಾಗಾದ್ರೆ ಯಾವುದು ಮಾಮ?”

“ಬಟ್ಟೆ ಒಗೆಯೋರ ಕೇರಿ ಹಿಂದೆ ಇದೆಯಲ್ಲ, ತಗಡಿನ ಚಾವಣಿದು. ಅಲ್ಲಿನ ಸಸ್ಯಶಾಸ್ತ್ರದ ಲ್ಯಾಬಿನ ಬೀಗ ನಾನೇ ನಾಲ್ಕು ಸಲ ಬದಲಾಯಿಸಿದ್ದೀನಿ. ಸೋಪಿನ ಹಾಗೆ ಸವೆದಿತ್ತು. ಓದೋರು ಇರೋದು ಅಲ್ಲಿ.”

“ತಗಡಿನ ಚಾವಣಿ,” ಎಂದರು ಭಾವ, ಮೂಗಿನ ಹತ್ತಿರ ಏನೋ ಕೊಳೆತು ನಾರುತ್ತಿರುವ ಹಾಗೆ. “ಅಲ್ಲಿ ಫೋಟೊ ತೆಗೆಯೋಕೆ ಒಂದು ಕಲ್ಲೂ ಇಲ್ಲ.”

ಹುಡುಗಿ ಅಪ್ಪನಿಗೆ ಸೊಪ್ಪು ಹಾಕಲಿಲ್ಲ. ತಗಡಿನ ಕಾಲೇಜಿನ ಹೆಸರನ್ನೇ ಬರೆದಳು.

ತಿಂಗಳಾದ ಮೇಲೆ ಸಂದರ್ಶನ ಮುಗಿಸಿ ಅವಳು ನೇರವಾಗಿ ಮಾಮನ ಅಂಗಡಿಗೆ ಬಂದಳು. ಅಪ್ಪ ಆಗಲೇ ಅಲ್ಲಿ ಕಾದು ಕೂತಿದ್ದರು.

“ಮೂವತ್ತೊಂದರಲ್ಲಿ ನಮ್ಮದೇ ಯಾಕೆ ಅಂತ ಕೇಳಿದ್ರು. ನಿಮ್ಮ ಲ್ಯಾಬಿನ ಬೀಗ ಎಲ್ಲಕ್ಕಿಂತ ಹೆಚ್ಚು ಸವೆದಿದೆಯಂತೆ ಅಂದೆ.”

“ಅದಕ್ಕೆ?” ಎಂದ ಕೀಲಿಮಾಮ, ಎದೆ ಸ್ವಲ್ಪ ಮುಂದೆ ಮಾಡಿ.

“ನಕ್ಕುಬಿಟ್ರು ಮಾಮ. ಲ್ಯಾಬಿನ ಹಿಂಬಾಗಿಲು ಸೈಕಲ್ ಸ್ಟ್ಯಾಂಡಿಗೆ ಹೋಗತ್ತೆ. ಸುತ್ತಿ ಹೋಗೋಕೆ ಸೋಮಾರಿತನ. ಇಡೀ ಕಾಲೇಜು ಅದರೊಳಗಿಂದಲೇ ಓಡಾಡತ್ತಂತೆ.”

ಭಾವ ಬೆಂಚಿನಿಂದ ಬೀಳುವಷ್ಟು ನಕ್ಕರು. “ಒಳಗೆ ಹೋಗಿ ಬಂದೋನಂತೆ. ಇನ್ನೊಂದು ಬಾಗಿಲು ಎಲ್ಲಿಗೆ ಹೋಗತ್ತೆ ಅಂತ ನೋಡದ ಮಹಾನುಭಾವ.”

ಕೀಲಿಮಾಮ ಕಿವಿಯ ಮೇಲಿನ ಅರ ತೆಗೆದು ಚೀಲಕ್ಕೆ ಹಾಕಿದ. ನಾಲ್ಕು ಸಲ ಬೀಗ ಬಿಚ್ಚಿ ಕೂರಿಸಿದವನು, ಎದುರಿನ ಗೋಡೆಯಲ್ಲಿದ್ದ ಆ ಬಾಗಿಲನ್ನು ನಾಲ್ಕು ಸಲವೂ ಕಂಡಿದ್ದ. ಒಮ್ಮೆಯೂ ತೆಗೆದು ನೋಡಿರಲಿಲ್ಲ. ಜೀವಮಾನವಿಡೀ ಪರರ ಮೇಲೆ ಉಗುಳಿಕೊಂಡು ಬಂದ ತಾತ್ಸಾರವೆಲ್ಲ ಆವತ್ತು ಅವನ ಮೇಲೇ ಬಿತ್ತು. ಮಗುವಿನ ವರ್ಷ ಹಾಳುಮಾಡಿದೆನಲ್ಲ ಎಂಬ ಒಂದೇ ಯೋಚನೆ.

“ಇರಪ್ಪ, ಪೂರ್ತಿ ಕೇಳು,” ಎಂದಳು ಹುಡುಗಿ. “ಹಾಗಾದ್ರೆ ಮೋಸ ಹೋದೆಯಲ್ಲಮ್ಮ ಅಂದ್ರು ಒಬ್ಬರು ಮೇಡಂ. ನಾನೂ ಆ ದಾರೀಲೇ ಬಂದೆ ಮೇಡಂ, ಕಿಟಕಿ ಹತ್ರ ತಟ್ಟೇಲಿ ಯಾರೋ ಇಟ್ಟಿದ್ದ ಪಾಚಿ ಒಣಗ್ತಿತ್ತು, ನೀರು ಹಾಕಿ ಬಂದೆ ಅಂದೆ. ಮೇಡಂ ಪೆನ್ನು ಕೆಳಗಿಟ್ರು. ಅದು ಎಂಥ ಪಾಚಿ, ಎಲ್ಲಿ ಬೆಳೆಯತ್ತೆ, ಅರ್ಧ ಗಂಟೆ ಅದೇ ಮಾತು.”

ಹತ್ತು ದಿನಕ್ಕೆ ಕಾಗದ ಬಂತು. ಸೀಟು ಸಿಕ್ಕಿತ್ತು.

ಮೂರು ವರ್ಷದ ಮೇಲೆ ಭಾವ ಸೈಕಲ್ ಸ್ಟ್ಯಾಂಡಿನ ಮುಂದೆ ಗುಂಪುಚಿತ್ರ ತೆಗೆದರು. ಹಿಂದಿನ ಸಾಲಿನಲ್ಲಿ ಬರೀ ಹಣೆಗಳು, ಮಗಳದೂ ಒಂದು. ಬೈದುಕೊಂಡೇ ಅದನ್ನು ಗೋಡೆಗೆ ಹಾಕಿದರು, ಮೆಟ್ಟಿಲಿನ ಚಿತ್ರವನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ.

ಕೀಲಿಮಾಮನಿಗೆ ಈಗ ಕನ್ನಡಕ ಬಂದಿದೆ, ಅರ ಅದರ ಕಡ್ಡಿಯ ಜೊತೆ ಕಿವಿಯ ಮೇಲೆ ಜಾಗಕ್ಕೆ ಜಗಳವಾಡುತ್ತದೆ. ಕಾಲೇಜುಗಳ ಮೇಲಿನ ತಾತ್ಸಾರ ಮಾತ್ರ ಎಳ್ಳಷ್ಟೂ ಇಳಿದಿಲ್ಲ. ಆದರೆ ಎಲ್ಲಿಗೆ ಹೋದರೂ ಬೀಗ ಮುಟ್ಟುವ ಮೊದಲು ಒಂದು ಸುತ್ತು ಹಾಕಿ, ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆಂದು ನೋಡುತ್ತಾನೆ. ಮೊನ್ನೆ ನಮ್ಮ ಹಳೆಯ ಶಾಲೆಗೂ ಹೋಗಿದ್ದನಂತೆ. ವಿಜ್ಞಾನದ ಬೀರುವಿನ ಬೀಗ ಚೆನ್ನಾಗಿ ಸವೆದಿತ್ತು. ಹೊಸ ಮೇಷ್ಟರು ಹೊಗಳಿಕೆಗೆ ಕಾದು ನಿಂತರು. ಅವನು ಮೊದಲು ಬೀರುವಿನ ಹಿಂದೆ ಇಣುಕಿ, ಅಲ್ಲಿ ಗೋಡೆಯೇ ಇದೆಯೆಂದು ಬೆರಳಲ್ಲಿ ಬಡಿದು ನೋಡಿದ.